ಹಾರಿಬನ ಗಾಳಿ

ಬಿದಿಯಾ ಕಡೆಯ ಮರಳುಗಾಡಿನಲ್ಲಿ ಹಾರಿಬನಿಗೆ ಇದ್ದ ಹೆಸರು ನಮ್ಮ ಕುಲದ ಹಿರಿಯರಿಗೂ ಇರಲಿಲ್ಲ. ಹಿರಿಯರು ಕೊಡುತ್ತಿದ್ದುದು ಬುದ್ಧಿಮಾತು, ಹಾರಿಬ್ ಕೊಡುತ್ತಿದ್ದುದು ಗಾಳಿ. ಬುದ್ಧಿಮಾತಿಲ್ಲದೆ ಎಷ್ಟೋ ಜನ ಸುಖವಾಗಿ ಮನೆ ಮುಟ್ಟಿದ್ದಾರೆ. ಟಯರಿನಲ್ಲಿ ಗಾಳಿಯಿಲ್ಲದೆ ಯಾರೂ ಮುಟ್ಟಿಲ್ಲ.

ಮರಳಿಗೆ ಇಳಿಯುವಾಗ ಟಯರಿನ ಗಾಳಿ ಅರ್ಧಕ್ಕರ್ಧ ಬಿಡಬೇಕು, ಇಲ್ಲದಿದ್ದರೆ ಗಾಡಿ ಹೂತುಕೊಳ್ಳುತ್ತದೆ. ಮರಳು ದಾಟಿ ಕಲ್ಲುದಾರಿಗೆ ಬಂದ ಮೇಲೆ ಮತ್ತೆ ತುಂಬಿಸಬೇಕು, ಇಲ್ಲದಿದ್ದರೆ ಟಯರು ಹರಿದುಹೋಗುತ್ತದೆ. ಬಿಡುವುದಕ್ಕೆ ಒಂದು ಕಡ್ಡಿ ಸಾಕು. ತುಂಬಿಸುವುದಕ್ಕೆ ಆ ಕಾಲದಲ್ಲಿ ಪಟ್ಟಣದ ಪೆಟ್ರೋಲ್ ಬಂಕಿನವರೆಗೆ ತೆವಳಿಕೊಂಡು ಹೋಗಬೇಕಿತ್ತು. ಮರಳು ಮುಗಿದು ಕಲ್ಲು ಶುರುವಾಗುವ ಜಾಗಕ್ಕೆ ನಮ್ಮವರು ಮರಳಿನ ಬಾಯಿ ಎನ್ನುತ್ತಾರೆ. ಅಲ್ಲಿ ಹಾರಿಬನ ಬಿಳಿ ಪಿಕಪ್ಪು ಬಾನೆಟ್ ಎತ್ತಿ ನಿಂತಿದ್ದರೆ ಒಳಗಿಂದ ಬಂದವರೆಲ್ಲ ಅದರ ಹಿಂದೆ ಸಾಲುಗಟ್ಟುತ್ತಿದ್ದರು. ಗಾಳಿಯ ಪಂಪು ಅವನ ಎಂಜಿನ್ನಿಗೇ ಕಟ್ಟಿತ್ತು.

ಆ ಪಂಪನ್ನು ಬಿಚ್ಚಿಸಬೇಕೆಂದು ಹಾರಿಬ್ ಈಗ ಗಾಡಿಯನ್ನು ದಿಲ್‌ಮುರಾದನ ಶೆಡ್ಡಿಗೆ ತಂದು ನಿಲ್ಲಿಸಿದ್ದ. ದಿಲ್‌ಮುರಾದ್ ಬಲೂಚಿ ಮೆಕ್ಯಾನಿಕ್ಕು, ಹಿಂದೆ ಅದನ್ನು ಕೂರಿಸಿದವನೂ ಅವನೇ. ಬಾನೆಟ್ಟಿನೊಳಗೆ ತಲೆ ಹಾಕಿ, ತನ್ನ ಹಳೆಯ ಕೆಲಸವನ್ನು ಒಂದು ಗಳಿಗೆ ನೋಡಿ, ಕೈ ಒರೆಸಿಕೊಂಡು ಕೇಳಿದ.

"ಇದು ನಿನ್ನ ಮಾತೋ, ಅವಳ ಮಾತೋ?"

"ಅವಳಿಗೆ ಗೊತ್ತಿಲ್ಲ. ಮಗಳ ಮನೇಲಿದ್ದಾಳೆ."

"ಹಾಗಾದ್ರೆ ನನ್ನ ಹೆಸರು ಎಲ್ಲೂ ಎತ್ತಬೇಡ ಮಾರಾಯ. ಬಿಚ್ಚಿದ್ದು ಬೇರೆ ಯಾರೋ ಅಂತ ಹೇಳು."

ಅವಳು ಎಂದರೆ ಹಾರಿಬನ ಹೆಂಡತಿ ಗುಬೈಶಾ. ಆ ಪಂಪು ಬಂದದ್ದು ಅವಳ ಹಟದಿಂದ. ಅದರ ಕತೆ ಹೇಳದಿದ್ದರೆ ಹಾರಿಬ್ ಈ ಶೆಡ್ಡಿನಲ್ಲಿ ಯಾಕೆ ಇಷ್ಟು ಸಣ್ಣ ಮುಖ ಮಾಡಿಕೊಂಡು ಕೂತ ಎನ್ನುವುದು ತಿಳಿಯುವುದಿಲ್ಲ.

ಹಾರಿಬ್ ಸೈನ್ಯದಲ್ಲಿ ಡ್ರೈವರಾಗಿದ್ದು ಹೊರಬಂದಾಗ ಸಿಕ್ಕ ಹಣವನ್ನೆಲ್ಲ ಸುರಿದು ಆ ಪಿಕಪ್ಪು ಕೊಂಡಿದ್ದ. ಅದರಲ್ಲಿ ಏಸಿ ಇತ್ತು. ನಮ್ಮ ಕಡೆಯ ಪಿಕಪ್ಪುಗಳಲ್ಲಿ ಅದೇ ಮೊದಲ ಏಸಿ. ಡ್ಯಾಶ್‌ಬೋರ್ಡಿನಲ್ಲಿ ಹಿಮದ ಹರಳಿನ ಚಿತ್ರವಿದ್ದ ಒಂದು ಗುಂಡಿ. ಹಿಮ ಎಂದರೇನೆಂದು ಕಂಡವರು ಯಾರೂ ಇರಲಿಲ್ಲ, ಆದರೂ ಬಂದವರೆಲ್ಲ ಒಮ್ಮೆ ಒತ್ತಿ ನೋಡಿಯೇ ಹೋಗುತ್ತಿದ್ದರು. ಹಾರಿಬನಿಗೆ ಎಷ್ಟು ಜಂಬವೆಂದರೆ ಚಳಿಗಾಲದಲ್ಲೂ ಗಾಜು ಇಳಿಸುತ್ತಿರಲಿಲ್ಲ. ಇಳಿಸಿದರೆ ಒಳಗೆ ಏಸಿ ಇದೆಯೆಂದು ಜನರಿಗೆ ಗೊತ್ತಾಗುವುದು ಹೇಗೆ?

ಅದೇ ಚಳಿಗಾಲದಲ್ಲಿ ಮದುವೆ. ಗುಬೈಶಾ ಕಡಲಂಚಿನ ಹುಡುಗಿ, ಮೀನು ಹಿಡಿಯುವವರ ಮನೆಯವಳು. ಸದಾ ಗಾಳಿ, ಸದಾ ಬಾಗಿಲಲ್ಲಿ ಜನ. ಅಂಥವಳನ್ನು ಹಾರಿಬ್ ತಂದು ಮರಳಿನ ನಡುವಿನ ಒಂಟಿ ಬಿಡಾರದಲ್ಲಿ ಇಳಿಸಿದ. ಎಲ್ಲಿಗೆ ಹೋದರೂ ಗಾಜು ಏರಿಸಿದ ತಂಪಿನಲ್ಲಿ ಕೂರಿಸಿ ರಾಣಿಯ ಹಾಗೆ ಕರೆದುಕೊಂಡು ಹೋದ. ಇಷ್ಟು ಸುಖದಲ್ಲಿರುವ ಹೆಂಗಸು ಈ ಸೀಮೆಯಲ್ಲೇ ಇಲ್ಲವೆಂದು ಅವನು ಮನಸ್ಸಿನಲ್ಲೇ ಹಿಗ್ಗುತ್ತಿದ್ದ.

ಬೇಸಿಗೆ ಮುಗಿಯುವ ಹೊತ್ತಿಗೆ ಅವಳಿಗೆ ಹೆರಿಗೆ ನೋವು ಬಂತು. ಹಾರಿಬ್ ಆಸ್ಪತ್ರೆಗೆಂದು ಜೀವ ಕೈಯಲ್ಲಿ ಹಿಡಿದು ಗಾಡಿ ಓಡಿಸಿದ. ಗಾಳಿ ಕಮ್ಮಿಯಿದ್ದ ಟಯರು, ಮೇಲಾಗಿ ಅವಸರ. ಒಂದು ತಿರುವಿನಲ್ಲಿ ಮುಂದಿನ ಟಯರು ರಿಮ್ಮಿನಿಂದ ಕಳಚಿಕೊಂಡಿತು. ಹೆಚ್ಚುವರಿ ಟಯರು ಹಿಂದಿನ ದಿನವೇ ಪಂಕ್ಚರಾಗಿ ಬಿದ್ದಿತ್ತು. ಕಾಲುಪಂಪಿನಿಂದ ತುಳಿದ, ತುಳಿದ, ಬೆವರಿನಲ್ಲಿ ಮಿಂದುಹೋದ. ಕಳಚಿದ ಟಯರು ರಿಮ್ಮಿಗೆ ಕೂರಬೇಕಾದರೆ ಒಂದೇ ಏಟಿಗೆ ಗಾಳಿ ನುಗ್ಗಬೇಕು. ತುಳಿದು ಕಳಿಸಿದ ಗಾಳಿ ಈ ಕಡೆಯಿಂದ ಹೋಗಿ ಆ ಕಡೆಯಿಂದ ಬರುತ್ತಿತ್ತು. ಪಕ್ಕದಲ್ಲೊಂದು ದೊಡ್ಡ ಗಾಫ್ ಮರ. ಅದರ ಕೆಳಗೆ ಗುಬೈಶಾ ಹಲ್ಲು ಕಚ್ಚಿ ಮಲಗಿದ್ದಳು. ಮರದಾಚೆಯ ಬಿಡಾರದಿಂದ ಮೊಯ್ಜಾ ಎಂಬ ಹೆಂಗಸು ಮೇಕೆ ಬಿಟ್ಟು ಓಡಿಬಂದಳು. ಮಗಳು ನುವೈರಾ ಹುಟ್ಟಿದ್ದು ಅವಳ ಕೈಯಲ್ಲಿ. ಹಾರಿಬ್ ಆಗಲೂ ತುಳಿಯುತ್ತಲೇ ಇದ್ದ. ಹುಡುಗಿಗೆ ಮದುವೆಯಾಗುವವರೆಗೂ ಸೋದರಮಾವಂದಿರು ಅವಳನ್ನು ಟಯರಿನ ಮಗಳು ಎಂದೇ ರೇಗಿಸಿದರು.

ಬಾಣಂತಿ ಎದ್ದು ಓಡಾಡಲು ಶುರುಮಾಡಿದ ಮೇಲೆ ಹೇಳಿದ ಮೊದಲ ಮಾತು ಏಸಿ ತೆಗೆಸು ಎಂದು. ಏಸಿಯ ಪಂಪಿನಿಂದ ಗಾಳಿ ಹಿಡಿಯಬಹುದಂತೆ, ಸೊಹಾರ್ ಕಡೆ ಯಾರೋ ಮಾಡಿಸಿಕೊಂಡಿದ್ದಾರಂತೆ ಎಂದು ಮೊಯ್ಜಾಳ ಗಂಡ ಹೇಳಿದ್ದ. ಎಂಜಿನ್ನಿನ ಪಕ್ಕ ಒಂದೇ ಪಂಪಿಗೆ ಜಾಗ. ತಂಪು ಬೇಕು, ಇಲ್ಲ ಗಾಳಿ ಬೇಕು. ಹಾರಿಬ್ ಸುಮಾರು ದಿನ ಗೊಣಗಿದ. ಅವಳು ಬಗ್ಗಲಿಲ್ಲ.

ದಿಲ್‌ಮುರಾದ್ ಆಗ ಹೊಸದಾಗಿ ಶೆಡ್ಡು ಹಾಕಿದ್ದ. ಅಂಥ ಕೆಲಸ ಮಾಡಿ ಗೊತ್ತಿರದಿದ್ದರೂ ಗೊತ್ತಿಲ್ಲ ಎನ್ನುವ ಜಾಯಮಾನ ಅವನದಲ್ಲ. ಏಸಿಯ ಗ್ಯಾಸನ್ನು ಬುಸ್ಸೆಂದು ಹೊರಗೆ ಬಿಟ್ಟ. ಪೈಪುಗಳನ್ನು ಕಿತ್ತು, ಪಂಪಿನ ಒಂದು ಬಾಯಿಗೆ ಧೂಳು ಸೋಸುವ ಜಾಲರಿ ಹಾಕಿದ, ಇನ್ನೊಂದು ಬಾಯಿಗೆ ಗಾಳಿ ಹಿಂದೆ ಬಾರದ ಹಾಗೆ ವಾಲ್ವು. ಗುಜರಿಗೆ ಬಿದ್ದ ಲಾರಿಯೊಂದರ ಬ್ರೇಕಿನ ಗಾಳಿ ಸಿಲಿಂಡರು ತಂದು ಪಿಕಪ್ಪಿನ ಹಿಂದಿನ ತೊಟ್ಟಿಯ ಅಡಿಗೆ ಬೋಲ್ಟು ಬಿಗಿದ. ಕೊನೆಗೆ ನಾಲ್ಕೂ ಟಯರು ಮುಟ್ಟುವಷ್ಟು ಉದ್ದದ ಕೆಂಪು ಪೈಪು. ಹಿಮದ ಚಿತ್ರದ ಗುಂಡಿ ಒತ್ತಿದರೆ ಪಂಪು ತಿರುಗಿ ಸಿಲಿಂಡರು ತುಂಬುತ್ತಿತ್ತು. ಏಸಿಯ ಗ್ಯಾಸಿನ ಜೊತೆ ಪಂಪಿಗೆ ಎಣ್ಣೆಯೂ ಸುತ್ತುತ್ತಿತ್ತು, ಬರೀ ಗಾಳಿಯಲ್ಲಿ ಅದು ಒಣಗುತ್ತದೆ, ಆಗಾಗ ಒಂದು ಚಮಚ ಎಣ್ಣೆ ಕುಡಿಸು ಎಂದು ದಿಲ್‌ಮುರಾದ್ ಹೇಳಿ ಕಳಿಸಿದ. ಹಾರಿಬ್ ಮೊದಮೊದಲು ಪ್ರೀತಿ ಹೆಚ್ಚಾಗಿ ಲೋಟದಲ್ಲಿ ಕುಡಿಸಿದ. ಮದುವೆಗೆ ಹೊರಟಿದ್ದ ಒಬ್ಬ ಮದುಮಗ ಬಟ್ಟೆಯ ಧೂಳು ಊದಿಸಿಕೊಳ್ಳಲು ಪೈಪಿನ ಮುಂದೆ ನಿಂತು, ಬಿಳಿ ಅಂಗಿಯ ತುಂಬ ಎಣ್ಣೆ ಹೊಡೆಸಿಕೊಂಡು, ಹಾರಿಬನ ಅಂಗಿ ತೊಟ್ಟು ಮದುವೆಯಾದ.

ಅಲ್ಲಿಂದ ಶುರುವಾದದ್ದು ಅವರ ಒಳ್ಳೆಯ ಕಾಲ. ಮರಳಿನ ಬಾಯಲ್ಲಿ ಹಾರಿಬ್ ಬಗ್ಗಿ ಒಬ್ಬೊಬ್ಬರ ಟಯರಿಗೆ ಗಾಳಿ ಹಿಡಿಯುವುದು, ಇಳಿಸಿದ ಗಾಜಿನ ಪಕ್ಕ ಗುಬೈಶಾ ಕಾಫಿಯ ಫ್ಲಾಸ್ಕೂ ಖರ್ಜೂರದ ಡಬ್ಬಿಯೂ ಇಟ್ಟುಕೊಂಡು ಕೂರುವುದು. ಬಂದ ಹೆಂಗಸರೆಲ್ಲ ಆ ಕಿಟಕಿಗೆ ಮೊಣಕೈ ಊರುತ್ತಿದ್ದರು. ನಮ್ಮಲ್ಲಿ ಸುದ್ದಿ ಕೇಳಿದರೆ ಮೊದಲು ಏನಿಲ್ಲ, ಎಲ್ಲ ಒಳ್ಳೆಯದೇ ಎನ್ನಬೇಕು. ಸತ್ತವರ, ಹುಟ್ಟಿದವರ, ಜಗಳವಾಡಿದವರ ಸುದ್ದಿ ಕಾಫಿ ಆದ ಮೇಲೆ. ನಾಲ್ಕು ಟಯರು ತುಂಬುವಷ್ಟರಲ್ಲಿ ಎಲ್ಲ ಹೊರಗೆ ಬೀಳುತ್ತಿತ್ತು. ಯಾವ ಹುಡುಗನಿಗೆ ಯಾವ ಹುಡುಗಿ ಎನ್ನುವುದು ಎಷ್ಟೋ ಸಲ ಆ ಕಿಟಕಿಯಲ್ಲೇ ತೀರ್ಮಾನವಾಯಿತು. ನನ್ನದೂ ಅಲ್ಲೇ ಆದದ್ದು, ದೂರೇನೂ ಇಲ್ಲ.

ಆದರೆ ಹಾರಿಬನ ಎದೆಯಲ್ಲಿ ಒಂದು ಮುಳ್ಳಿತ್ತು. ಮೂವತ್ತು ವರ್ಷ, ಪ್ರತಿ ಬೇಸಿಗೆಯಲ್ಲೂ ಗುಬೈಶಾಳ ಕುತ್ತಿಗೆಯಲ್ಲಿ ಬೆವರು ಇಳಿಯುವುದನ್ನು ಅವನು ಓರೆಗಣ್ಣಿನಲ್ಲಿ ನೋಡಿದ್ದ. ತನ್ನ ಟಯರಿನ ತಪ್ಪಿಗೆ ಅವಳು ತಂಪು ಬಿಟ್ಟಳು, ತನ್ನ ಹೆಸರು ಬೆಳೆದದ್ದು ಅವಳ ಬೆವರಿನಲ್ಲಿ. ಇದನ್ನು ಅವನು ಬಾಯಿಬಿಟ್ಟು ಹೇಳಿದವನಲ್ಲ.

ಈಚೆಗೆ ಎಲ್ಲರ ಗಾಡಿಯಲ್ಲೂ ಬ್ಯಾಟರಿಗೆ ಸಿಕ್ಕಿಸುವ ಪುಟ್ಟ ಪಂಪು. ಸೊಳ್ಳೆಯ ಹಾಗೆ ಗುಂಯ್‌ಗುಡುವ ಅವುಗಳನ್ನು ಕಂಡರೆ ಹಾರಿಬನಿಗೆ ಅಷ್ಟಕ್ಕಷ್ಟೆ. ಕೆಂಪು ಪೈಪು ಕೇಳುವವರು ಕಮ್ಮಿಯಾದರು, ಆದರೂ ಹಳಬರು ಮರಳಿನ ಬಾಯಲ್ಲಿ ನಿಲ್ಲುತ್ತಿದ್ದರು. ಅಷ್ಟರಲ್ಲಿ ಗುಬೈಶಾಳ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಪಟ್ಟಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಖರ್ಜೂರದ ಕೊಯ್ಲಿಗೆ ಎಲ್ಲರೂ ತೋಟಗಳಿಗೆ ಇಳಿಯಲು ಇನ್ನೂ ಸಮಯವಿತ್ತು, ಬಿಸಿಲು ಮಾತ್ರ ಆಗಲೇ ಬಂದಿತ್ತು. ಒಂದು ದಿನ ವಾಪಸು ಬರುವಾಗ ಸುಡುವ ಕ್ಯಾಬಿನ್ನಿನಲ್ಲಿ ಅವಳು ಮಾತಾಡುತ್ತಲೇ ಪಕ್ಕಕ್ಕೆ ವಾಲಿದಳು. ಹಾರಿಬ್ ಗಾಡಿ ತಿರುಗಿಸಿ ಆಸ್ಪತ್ರೆಗೆ ಓಡಿಸಿದ. ಇನ್ನು ಇವರು ಸೆಕೆಯಲ್ಲಿ ಕೂರಬಾರದು ಎಂದರು ಡಾಕ್ಟರು. ಗುಬೈಶಾಳನ್ನು ಪಟ್ಟಣದಲ್ಲಿದ್ದ ಮಗಳ ಮನೆಯಲ್ಲಿ ಬಿಟ್ಟು ಅವನು ನೇರ ದಿಲ್‌ಮುರಾದನ ಶೆಡ್ಡಿಗೆ ಬಂದ.

ದಿಲ್‌ಮುರಾದ್ ಬೆಲ್ಟು ಬಿಚ್ಚಿ, ಸವೆದ ಪಂಪನ್ನು ಎತ್ತಿ ಬೆಂಚಿನ ಮೇಲಿಟ್ಟ. ಗುಜರಿಯಿಂದ ಆರಿಸಿ ತಂದ ಬೇರೊಂದು ಪಂಪನ್ನು ಅದರ ಜಾಗದಲ್ಲಿ ಕೂರಿಸಿದ, ಪೈಪು ಜೋಡಿಸಿ ಗ್ಯಾಸು ತುಂಬಿದ. ಹಾರಿಬ್ ಕೆಂಪು ಪೈಪನ್ನು ಸುರುಳಿ ಸುತ್ತಿ ಸೀಟಿನ ಹಿಂದೆ ತುರುಕಿದ. ಬಿಸಾಡಲು ಮನಸ್ಸಾಗಲಿಲ್ಲ. ಹಿಮದ ಗುಂಡಿ ಒತ್ತಿದಾಗ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಅವನಿಗೆ ಅಳು ಬಂತು, ದಿಲ್‌ಮುರಾದ್ ನೋಡದಂತೆ ಆ ಕಡೆ ತಿರುಗಿದ.

ಮುಂದಿನ ಸಲ ಆಸ್ಪತ್ರೆಯಿಂದ ಮನೆಗೆ ಹೊರಟಾಗ ಗುಬೈಶಾ ಬಾಗಿಲು ಹಾಕಿಕೊಂಡು ಕೂತು, ತಂಪು ತಗುಲಿದ ಕೂಡಲೇ ಗಂಡನ ಕಡೆ ನೋಡಿದಳು. ಕೈ ಹಿಂದೆ ಚಾಚಿ ಸೀಟಿನ ಹಿಂದಿದ್ದ ಕೆಂಪು ಪೈಪಿನ ಸುರುಳಿ ಮುಟ್ಟಿ ನೋಡಿದಳು. ಊರು ದಾಟಿತು. ಮರಳಿನ ಬಾಯಿ ಬಂತು. ಟಯರಿನ ಗಾಳಿ ಬಿಡಲು ಅವನು ಇಳಿಯುತ್ತಿರುವಾಗ ಅವಳು ಹೇಳಿದಳು.

"ನನ್ನ ಕಡೆ ಗಾಜು ಇಳಿಸು. ಎಂಜಿನ್ ನಿಲ್ಲಿಸ್ಬೇಡ, ತಂಪು ಕಾಲಿಗೆ ಬರ್ತಾ ಇರ್ಲಿ."

ಹೊರಗೆ ಎರಡು ಗಾಡಿಗಳಿದ್ದವು. ಒಂದು ಮುದುಕ ಖಮೀಸನ ಹಳೆಯ ಪಿಕಪ್ಪು, ಕಲ್ಲುದಾರಿಗೆ ಬಂದು ನಿಂತಿತ್ತು. ಅವನ ಪುಟ್ಟ ಪಂಪು ಸುಟ್ಟುಹೋಗಿತ್ತು. ಹಾರಿಬನನ್ನು ಕಂಡವನೇ ಖಮೀಸ್ ಅರಳಿದ.

"ದೇವರೇ ಕಳಿಸಿದ ನಿನ್ನ. ಹಿಡಿ ನಿನ್ನ ಗಾಳಿನ, ಈ ಕಡೆಯಿಂದ ಶುರು ಮಾಡು."

ಹಾರಿಬನ ಕೈ ಅಭ್ಯಾಸಬಲದಿಂದ ಬಾನೆಟ್ಟಿನ ಮೇಲೆ ಹೋಗಿತ್ತು. ಅಲ್ಲೇ ನಿಂತಿತು. ಮೂವತ್ತು ವರ್ಷದಲ್ಲಿ ಅವನು ಆ ಜಾಗದಲ್ಲಿ ಯಾರಿಗೂ ಇಲ್ಲ ಎಂದಿರಲಿಲ್ಲ.

"ಗಾಳಿ ಇಲ್ಲ ಖಮೀಸ್. ತೆಗೆಸಿಬಿಟ್ಟೆ," ಎಂದ. ನೆಲ ನೋಡಿಕೊಂಡು ನಿಂತ.

ಎರಡನೆಯದು ಹೊಚ್ಚಹೊಸ ದೊಡ್ಡ ಗಾಡಿ. ಅದರ ಪಂಪು ತಾನೇ ಗುಂಯ್‌ಗುಡುತ್ತಿತ್ತು, ಯಜಮಾನ ಗಾಜು ಏರಿಸಿಕೊಂಡು ಒಳಗೆ ಫೋನು ನೋಡುತ್ತಿದ್ದ. ಗುಬೈಶಾ ಕಿಟಕಿಯಿಂದ ಕೈ ಚಾಚಿ ಅವನನ್ನು ಕರೆದಳು. ಎರಡು ಸಲ ಕರೆದ ಮೇಲೆ ಅವನು ಗಾಬರಿಯಾಗಿ ಇಳಿದುಬಂದ.

"ಹತ್ತಿರ ಬಾ, ಮುಖ ತೋರ್ಸು. ಮೊಯ್ಜಾನ ಮೊಮ್ಮಗ ಅಲ್ವೇನೋ ನೀನು? ಆ ಹುಬ್ಬು ನೋಡಿದ್ರೆ ಗೊತ್ತಾಗುತ್ತೆ."

"ಹೌದು ಅಜ್ಜಿ," ಎಂದ ಹುಡುಗ. "ನೀವು ಯಾರು ಅಂತ..."

"ನೀನು ಹುಟ್ಟೋಕ್ಕೆ ಮುಂಚಿಂದ ನಿಮ್ಮಪ್ಪನ ಟಯರಿಗೆ ಗಾಳಿ ಹಿಡಿದವನು ಈ ಮುದುಕ. ನಿನ್ನ ಪಂಪು ಕೊಡು ಅವನ ಕೈಗೆ. ಖಮೀಸ್, ನೀನು ಇಲ್ಲಿ ಬಾ, ಕಾಫಿ ಇದೆ. ಏನು ಸುದ್ದಿ?"

"ಏನಿಲ್ಲ, ಎಲ್ಲ ಒಳ್ಳೇದೇ," ಎಂದು ಖಮೀಸ್ ಕಿಟಕಿಗೆ ಮೊಣಕೈ ಊರಿದ. ಹುಡುಗನೂ ಖರ್ಜೂರ ತಗೊಂಡ. ಹಾರಿಬ್ ಆ ಸೊಳ್ಳೆ ಪಂಪನ್ನೇ ಹಿಡಿದು ಬಗ್ಗಿದ. ಅದು ತುಂಬುವುದು ನಿಧಾನ. ಸುದ್ದಿಗೆ ಬೇಕಾದಷ್ಟು ಹೊತ್ತು ಸಿಕ್ಕಿತು.

ಮತ್ತೆ ಹೊರಟು, ಗಾಜು ಏರಿಸಿ, ಮೊದಲ ದಿಣ್ಣೆ ಹತ್ತಿ ಇಳಿದ ಮೇಲೆ ಹಾರಿಬ್ ಎದೆಯ ಮುಳ್ಳನ್ನು ಹೊರಗೆ ತೆಗೆದ.

"ಇಷ್ಟು ವರ್ಷ ನಿನ್ನ ಬೇಯಿಸಿಬಿಟ್ಟೆ ನುವೈರಾನ ಅಮ್ಮ. ನನಗೋಸ್ಕರ ನೀನು ತಂಪು ಬಿಟ್ಟೆ."

ಗುಬೈಶಾ ನಕ್ಕಳು. ನಗು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು.

"ನಿನಗೋಸ್ಕರ ಯಾರು ಬಿಟ್ರು? ಆ ಮೊದಲ ಬೇಸಿಗೆ ಪೂರ್ತಿ ನೀನು ನನ್ನನ್ನ ಗಾಜಿನೊಳಗೆ ಇಟ್ಟು ತಿರುಗಿಸಿದೆ. ಜನ ಕೈ ಎತ್ತೋರು, ನೀನು ಹಾರ್ನ್ ಹೊಡೆದು ಮುಂದೆ ಹೋಗೋನು. ಮೊಯ್ಜಾನ ಬಿಡಾರದ ಮುಂದೆ ಎಷ್ಟು ಸಲ ಹಾಗೆ ಹೋಗಿದೀವಿ. ಅವಳ ದನಿ ನಾನು ಕೇಳಿದ್ದು ಟಯರು ಕಳಚಿದ ದಿನ. ಗಾಡಿ ನಿಂತ್ರೆ ತಾನೇ ಜನ ಬರೋದು ಅಂತ ಅವತ್ತೇ ಗೊತ್ತಾಯ್ತು. ಗಾಳಿ ಪಂಪು ಇದ್ರೆ ನೀನು ನಿಲ್ಲಿಸಲೇಬೇಕಲ್ಲ."

ಮೂವತ್ತು ವರ್ಷ ಹೊತ್ತದ್ದು ಯಾರದೋ ಗಂಟು ಎಂದು ತಿಳಿದವನ ಹಾಗೆ ಹಾರಿಬ್ ಸ್ಟೀರಿಂಗ್ ಹಿಡಿದಿದ್ದ. ಆಮೇಲೆ ಏನೋ ತೋಚಿ ಎರಡೂ ಕಡೆಯ ಗಾಜು ಇಳಿಸಿಬಿಟ್ಟ. ಬಿಸಿಗಾಳಿಯೂ ಮರಳೂ ಒಟ್ಟಿಗೆ ಒಳಗೆ ನುಗ್ಗಿದವು.

"ತಲೆ ಕೆಟ್ಟಿದೆಯಾ ನಿನಗೆ? ಇಲ್ಲಿ ಯಾರಿದ್ದಾರೆ ಅಂತ? ಏರಿಸು, ಸೆಕೆ," ಎಂದಳು ಗುಬೈಶಾ. ತಲೆವಸ್ತ್ರದ ಮರಳು ಕೊಡವಿಕೊಂಡಳು. ಗಾಜು ಏರಿದ ಮೇಲೆ ಹೇಳಿದಳು, "ಆ ಗಾಫ್ ಮರದ ಹತ್ತಿರ ಬಂದಾಗ ಇಳಿಸು."

ಮರದಾಚೆ ಈಗ ಬಿಡಾರವಿರಲಿಲ್ಲ. ಮೊಯ್ಜಾ ತೀರಿಹೋಗಿ ಎರಡು ಚಳಿಗಾಲ ಕಳೆದಿದ್ದವು. ಮರ ಕಂಡ ಕೂಡಲೇ ಹಾರಿಬ್ ಹೇಳಿಸಿಕೊಳ್ಳದೆ ಗಾಡಿ ನಿಧಾನ ಮಾಡಿದ, ಅವಳ ಕಡೆಯ ಗಾಜು ಇಳಿಸಿ ನೆರಳಿನಲ್ಲಿ ನಿಲ್ಲಿಸಿದ. ಗುಬೈಶಾ ಕಿಟಕಿಗೆ ಮೊಣಕೈ ಊರಿ ಕೂತಳು. ಎಷ್ಟು ಹೊತ್ತಾದರೂ ಅವನು ಹೊರಡೋಣವೇ ಎಂದು ಕೇಳಲಿಲ್ಲ.