ನಗಿಸುವವನು ಕೇಳಿದ ಕ್ಷಮೆ

ಎಂಬತ್ತರ ದಶಕದಲ್ಲಿ ನಾನು ರಾಣೆಬೆನ್ನೂರಿನ ಒಂದು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದೆ. ನಮ್ಮ ಹಾಸ್ಯ ಪಾತ್ರಧಾರಿ ಯಾವ ಊರಿಗೆ ಹೋದರೂ ಮುಂಜಾನೆ ಪೇಟೆ ಸುತ್ತಿ, ಅಲ್ಲಿ ಕಂಡವರನ್ನೂ ಕೇಳಿದ್ದನ್ನೂ ಸಂಜೆ ರಂಗದ ಮೇಲೆ ತರುತ್ತಿದ್ದ. ಮಾತು ಮುಗಿಸಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಿಂತನೆಂದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಯಾರಾದರೂ ನೊಂದು ಬಂದರೆ, "ನಗಸೋದ ನನ್ನ ಕೆಲಸರಿ, ಮನಸಿಗೆ ಹಚ್ಕೋಬ್ಯಾಡ್ರಿ" ಎಂದುಬಿಡುತ್ತಿದ್ದ. ಹಾವೇರಿಯಲ್ಲಿ ಏಟು ತಿಂದಾಗಲೂ ಅದನ್ನೇ ಹೇಳಿದ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸೊಬ್ಬಳನ್ನು ಗಂಡ ಬಿಟ್ಟು ಹೋಗಿದ್ದ. "ಹೆಣ್ತಿ ಕೈ ಖಾರ ತಾಳಲಾರದ ಓಡಿ ಹೋಗ್ಯಾನ" ಎಂದು ಇವನು ಅವಳ ಹೆಸರು ಹಿಡಿದೇ ಆಡಿದ. ಮರುದಿನದಿಂದ ಪೇಟೆಯವರೆಲ್ಲ ಅವಳೆದುರು ಅದೇ ಮಾತು ಹೇಳಿ ನಗತೊಡಗಿದರು. ಅವಳು ಕೆಲಸಕ್ಕೆ ಬರುವುದನ್ನೇ ಬಿಟ್ಟಳು. ಜೊತೆಯ ಹೆಂಗಸರು ನಮ್ಮ ನಾಟಕದ ಡೇರೆಗೆ ಬಂದು ಜಗಳ ತೆಗೆದಾಗ ಮಾಲಕರು, "ರಂಗದ ಮ್ಯಾಲ ನಿಂತು ಕ್ಷಮಾ ಕೇಳು" ಎಂದರು.

ಆ ಸಂಜೆ ಅವನು ಬಣ್ಣ ಹಚ್ಚದೆ ಬಂದು, ಜೊತೆಯವರು ಕರೆತಂದು ಮುಂದೆ ಕೂರಿಸಿದ್ದ ಅವಳಿಗೆ ಕೈಮುಗಿದ.

"ತಪ್ಪಾತು ಯವ್ವಾ. ನಿನ್ನ ದುಃಖ ಹೇಳಿ ಮಂದೀನ ನಗಿಸಬಾರದಿತ್ತು."

ಇದೂ ಹೊಸ ಹಾಸ್ಯವೆಂದು ತಿಳಿದು ಡೇರೆ ತುಂಬ ಜನ ನಕ್ಕರು.

"ಚ್ಯಾಷ್ಟಿ ಅಲ್ರಿ, ಖರೇನ ಕೇಳಾಕತ್ತೇನಿ" ಎಂದವನು ಅಳು ತಡೆಯಲು ಅಂಗೈಯಿಂದ ಬಾಯಿ ಮುಚ್ಚಿಕೊಂಡ. ನಗು ಇನ್ನೂ ಹೆಚ್ಚಾಯಿತು. ಜಗಳಕ್ಕೆ ಬಂದಿದ್ದ ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡಿದ್ದರು. ಅವಳೊಬ್ಬಳು ಎದ್ದು, ಯಾರನ್ನೂ ನೋಡದೆ ಹೊರಗೆ ನಡೆದಳು.

ಅವನು ಮತ್ತೆ ಪಾತ್ರ ಮಾಡಲಿಲ್ಲ, ಪರದೆ ಎಳೆಯುವ ಕೆಲಸ ಹಿಡಿದ. ಹಗ್ಗ ಹಿಡಿದು ನಿಂತವನನ್ನು ಕಂಡರೂ ಜನ ನಗುತ್ತಿದ್ದರು.