ಮಾಸ್ತರ ಮನೆ, ಸರ್ವರಿನ ವಿಳಾಸ

ಅಂಕೋಲೆಯ ಕಾಲೇಜಲ್ಲಿ ಕಸ ಗುಡಿಸಿ ಚಾ ಮಾಡೋ ನಂಗೆ ಊರಲ್ಲಿ ಯಾರ ಮನೆ ಎಲ್ಲಿ ಅಂತ ಯಾರೂ ಹೇಳಿಕೊಡೂದು ಬೇಡ. ಆವತ್ತು ಲ್ಯಾಬಿನ ಯುನಿಕ್ಸ್ ಕಂಪ್ಯೂಟರುಗಳಿಗೆ ತಮ್ಮ ದೊಡ್ಡ ಸರ್ವರೇ ಸಿಗ್ತಿರಲಿಲ್ಲ. ಸರಿಯಾಗದಿದ್ರೆ ಮರುದಿನದ ಪರೀಕ್ಷೆಗೆ ಮಂಜಗುಣಿಯಂಥ ಹಳ್ಳಿ ಮಕ್ಕಳೆಲ್ಲ ಕಾರವಾರಕ್ಕೆ ಓಡ್ಬೇಕು.

ರಿಪೇರಿಗೆ ಕಾರವಾರದಿಂದ ಬಂದ ಹುಡುಗಿ, "ಅಕ್ಕಾ, ಪಾಸ್‌ವರ್ಡ್ ಇರೋ ಲ್ಯಾಬ್ ಮಾಸ್ತರ ಮನೆ ಎಲ್ಲಿ? ಫೋನ್ ಎತ್ತೂದಿಲ್ಲ" ಅಂದ್ಳು.

"ಬೊಬ್ರುವಾಡ. ಬಾವಿ ಪಕ್ಕದ ಹಂಚಿನ ಮನೆ. ಕಣ್ಣು ಮುಚ್ಕಂಡು ಹೋಗು" ಅಂದೆ.

ಎರಡು ತಾಸಿನ ಮೇಲೆ ಬೆವರು ಒರೆಸ್ತಾ ಬಂದ್ಳು. ಮಾಸ್ತರು ಹಾರವಾಡಕ್ಕೆ ಹೋಗಿ ಆರು ತಿಂಗಳಾಯ್ತಂತೆ. ಬಾವಿ ಪಕ್ಕದವಳ ಹತ್ರ ಕೇಳಿ, ಅಲ್ಲಿಗೇ ಹೋಗಿ ಪಾಸ್‌ವರ್ಡ್ ತಂದಿದ್ಳು. ನಂಗೆ ಗೊತ್ತಿಲ್ಲದೆ ಒಬ್ರು ಮನೆ ಬಿಟ್ಟಿದ್ರು! ಅವಳಿಗೊಂದು ಚಾ ಮಾಡಿಕೊಟ್ಟೆ.

ಕಂಪ್ಯೂಟರೊಳಗೆ ನೋಡಿ ಅವಳು ನಗಾಡಿದ್ಳು. "ಸರ್ವರಿನ ವಿಳಾಸ ಬದಲಾಗಿದೆ ಅಕ್ಕಾ. ವಿಳಾಸ ಹೇಳೂಕೇ ಅಂತ ಇರೋ ಕಾರವಾರದ ಕಂಪ್ಯೂಟರಿಗೆ ಕೇಳಿದ್ರೆ ಹೊಸದು ಹೇಳ್ತದೆ. ಆದ್ರೆ ಈ ಲ್ಯಾಬಿನವು ಮೊದ್ಲು ತಮ್ಮೊಳಗೇ ಬರೆದಿಟ್ಟ ಪಟ್ಟಿ ನೋಡ್ತವೆ. ಅಲ್ಲಿ ಹಳೇದಿದ್ರೂ ಸೈ, ಮತ್ಯಾರನ್ನೂ ಕೇಳೂದೇ ಇಲ್ಲ."

"ಎಂತ ಮಾರಾಯ್ತಿ, ಬೈತಾ ಇರೂದು ಕಂಪ್ಯೂಟರಿಗೋ, ನಂಗೋ?"

"ಕಂಪ್ಯೂಟರಿಗೇ. ನಿಮ್ಮ ತಲೆಯೊಳಗಿನ ಪಟ್ಟಿ ಅಳಿಸೂಕೆ ಯಾರತ್ರ ಅದೆ ಪಾಸ್‌ವರ್ಡ್?"

ಪಟ್ಟಿಯ ಹಳೇ ಸಾಲು ಅಳಿಸಿದ್ದೇ ಅಳಿಸಿದ್ದು, ಎಲ್ಲ ಕಂಪ್ಯೂಟರಿಗೂ ಸರ್ವರ್ ಸಿಕ್ತು. ಪರೀಕ್ಷೆ ಇಲ್ಲೇ ಆಯ್ತು.

ಈಗ ಯಾರದ್ದೇ ಮನೆ ತೋರಿಸೂಕೂ ಮೊದ್ಲು ನಾನು ಅವರ ಪಕ್ಕದ ಮನೆಗೆ ಫೋನ್ ಮಾಡ್ತೆ. ವಿಳಾಸವೂ ಸಿಗ್ತದೆ, ಯಾಕೆ ಮನೆ ಬಿಟ್ರು ಅನ್ನೂದೂ ಪುಕ್ಕಟೆ ಸಿಗ್ತದೆ.