ಗುಂಡುಕಲ್ಲಿಗೆ ಹೇಳಿದ ಹೆಸರು

ನನ್ನ ಗಂಡನ ಮನೆಯವರು ಧಾರವಾಡದ ಕಡೆಯವರು. ಅವರಲ್ಲಿ ಹೆಸರಿಡುವ ದಿನ ತೊಟ್ಟಿಲಿಗೆ ಮೊದಲು ಮಗುವನ್ನು ಹಾಕುವುದಿಲ್ಲ. ಒರಳಿನ ಗುಂಡುಕಲ್ಲನ್ನು ತೊಳೆದು, ಹೊಸ ಬಟ್ಟೆ ಸುತ್ತಿ, ಅದನ್ನು ಮಲಗಿಸಿ ತೂಗುತ್ತಾರೆ. ಆಮೇಲೆ ಸೋದರತ್ತೆ ಮಗುವನ್ನು ಎತ್ತಿಕೊಂಡು ಅದರ ಕಿವಿಯಲ್ಲಿ ಹೆಸರು ಹೇಳಬೇಕು. ಅವಳು ಹೇಳುವಾಗ ಸುತ್ತ ನಿಂತ ಹೆಂಗಸರು ‘ಕುರ್ರ್’ ಎಂದು ಕೂಗಿ ಅವಳ ಬೆನ್ನಿಗೆ ಗುದ್ದುತ್ತಾರೆ. ಮೈಸೂರು ಸೀಮೆಯವಳಾದ ನನಗೆ ಇದನ್ನು ಮೊದಲ ಸಲ ನೋಡಿದಾಗ ನಗು ತಡೆಯಲಾಗಿರಲಿಲ್ಲ. ನನ್ನ ಮಗಳ ಸರದಿ ಬಂದಾಗ ಮಾತ್ರ ನಗು ಬರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಾವಿದ್ದದ್ದು ರಾಜಾಜಿನಗರದ ಬಾಡಿಗೆ ಮನೆಯಲ್ಲಿ. ನನಗೆ ತಾಯಿ ಇರಲಿಲ್ಲ, ಹಾಗಾಗಿ ಬಾಣಂತನ ಅಲ್ಲೇ ನಡೆಯಿತು. ನನ್ನ ಮಗಳಿಗೆ ಸೋದರತ್ತೆ ಅಂತ ಇದ್ದವರು ಒಬ್ಬರೇ, ನನ್ನ ಗಂಡನ ಅಕ್ಕ. ನನಗೂ ಅವರು ಅಕ್ಕನೇ. ಮದುವೆ ಬೇಡವೆಂದು ಪ್ರೈಮರಿ ಸ್ಕೂಲಿನ ಸಂಬಳದಲ್ಲಿ ತಮ್ಮನನ್ನು ಓದಿಸಿದವರು. ಐವತ್ತು ತುಂಬುವ ಮೊದಲೇ ಪಾರ್ಕಿನ್ಸನ್ ಕಾಯಿಲೆ ಬಂದು, ಚಾಕ್‌ಪೀಸ್ ಹಿಡಿಯಲಾಗದೆ ಕೆಲಸ ಬಿಟ್ಟಿದ್ದರು. ತಮ್ಮನ ಮಕ್ಕಳಿಗೆ ಹೆಸರಿಡುವ ಹಕ್ಕೊಂದು ಅವರಿಗೆ ಉಳಿದಿತ್ತು. ನಮ್ಮದೇ ಮೊದಲ ಮಗು.

ಆ ವರ್ಷ ಡಾಕ್ಟರು ಹೊಸ ಮಾತ್ರೆ ಶುರು ಮಾಡಿದ್ದರು. ಅದೇನು ಮಾಯೆಯೋ, ನುಂಗಿ ಸ್ವಲ್ಪ ಹೊತ್ತಿಗೆ ಕೈನಡುಕ ನಿಲ್ಲುತ್ತಿತ್ತು, ಚಮಚ ನೆಟ್ಟಗೆ ಬಾಯಿಗೆ ಹೋಗುತ್ತಿತ್ತು. ಆದರೆ ಅದೇ ಹೊತ್ತಿಗೆ ನಾಲಿಗೆ ಕೈಕೊಡುತ್ತಿತ್ತು. ಮಾತಿನ ಮೊದಲ ಅಕ್ಷರಕ್ಕೇ ಸಿಕ್ಕಿಬಿದ್ದು, ಕಲ್ಲಿನ ಮೇಲೆ ಸೈಕಲ್ಲು ಓಡಿದ ಹಾಗೆ ಕಡಕಡ ಎಂದು ಅದನ್ನೇ ಹೇಳುತ್ತಿದ್ದರು. ಮಾತ್ರೆಯ ಬಲ ಇಳಿದರೆ ಧ್ವನಿ ಸಣ್ಣಗಾದರೂ ಮಾತು ಸಲೀಸಾಗುತ್ತಿತ್ತು, ಕೈ ಮತ್ತೆ ನಡುಗುತ್ತಿತ್ತು. ಎಲ್ಲರಿಗೂ ಹೀಗಾಗುವುದಿಲ್ಲ, ಕೆಲವರಿಗೆ ಆಗುತ್ತದೆ ಎಂದರು ಡಾಕ್ಟರು. ನಮ್ಮ ಅಕ್ಕನೇ ಆ ಕೆಲವರಲ್ಲಿ ಒಬ್ಬರಾಗಬೇಕಿತ್ತೆ ಎಂದು ನನಗೆ ಮೈಯೆಲ್ಲ ಉರಿಯಿತು.

ನನಗಿಂತ ಹೆಚ್ಚು ಉರಿದವರು ನನ್ನ ಅತ್ತೆ. ಹೆತ್ತ ಮಗಳ ಎದುರಿಗೇ ಹೇಳಿಬಿಟ್ಟರು. “ತೊದಲು ಮಾತು ಕಿವ್ಯಾಗ ಬಿತ್ತಂದ್ರ ಕೂಸೂ ತೊದಲತೈತಿ. ಹೆಸರು ಬ್ಯಾರೆಯವರು ಹೇಳ್ಲಿ.”

ಅತ್ತಿಗುಪ್ಪೆಯಲ್ಲಿದ್ದ ತಮ್ಮ ಮೈದುನನ ಮಗಳಿಗೆ ಹೇಳಿಯೂ ಕಳಿಸಿದರು.  ಅಕ್ಕ ಎದ್ದುಹೋಗಿ ಅಕ್ಕಿ ಆರಿಸುತ್ತಾ ಕೂತರು.

ತೊಟ್ಟಿಲ ಶಾಸ್ತ್ರದ ಹಿಂದಿನ ದಿನ ಮಧ್ಯಾಹ್ನ ನಡುಮನೆಯಲ್ಲಿ ಪಿಸುಗುಟ್ಟುವ ಸದ್ದು ಕೇಳಿಸಿತು. ಮಗಳ ಹೆಸರು! ಎರಡು ಸಲ, ಸ್ವಚ್ಛವಾಗಿ. ಮರುಗಳಿಗೆಗೆ ದಡ್ ಎಂದಿತು. ಹಸಿ ಮೈಯಲ್ಲೇ ಓಡಿಹೋಗಿ ನೋಡಿದರೆ, ಬಟ್ಟೆ ಸುತ್ತಿದ ಗುಂಡುಕಲ್ಲು ನೆಲದ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಅಕ್ಕ. ಅವರ ಎರಡೂ ಕೈ ನಡುಗುತ್ತಿದ್ದವು. ಆ ಕಲ್ಲಿನ ಜಾಗದಲ್ಲಿ ನನ್ನ ಕೂಸಿದ್ದಿದ್ದರೆ?

“ಇವತ್ತು ಮಧ್ಯಾಹ್ನದ ಗುಳಿಗಿ ನುಂಗಿಲ್ಲ” ಎಂದರು ಮೆಲ್ಲಗೆ. “ನುಂಗಿದ್ರ ಕೈ ನಿಲ್ತಾವ, ನಾಲಿಗಿ ನಿಲ್ಲಂಗಿಲ್ಲ. ಬಿಟ್ರ ನಾಲಿಗಿ ನೆಟ್ಟಗಾಗತೈತಿ, ಕೈ ಕೇಳಂಗಿಲ್ಲ. ನೀ ಹಡೆದಾಕಿ. ನಿನಗ ಯಾವದು ಬೇಕು ಹೇಳ. ಎರಡೂ ಬ್ಯಾಡಂದ್ರ ಅದನ್ನೂ ಹೇಳ.”

ನನಗೆ ಭಯವೂ ಸಿಟ್ಟೂ ಒಟ್ಟಿಗೇ ಬಂದವು. “ಕೈ ಗಟ್ಟಿಯಾಗಿರ್ಲಿ ಅಕ್ಕಾ. ನಾಲಿಗೆ ಏನ್ ಬೇಕಾದ್ರೂ ಮಾಡ್ಕೊಳ್ಲಿ. ಹೆಸರು ಮಾತ್ರ ನೀವೇ ಹೇಳ್ಬೇಕು.”

ಹೇಳಿದ್ದೇನೋ ಸುಲಭ. ಅತ್ತೆಯ ಮಾತು ಒಳಗೆ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಮಗು ನಿಜಕ್ಕೂ ತೊದಲಿದರೆ? ಓದಿದವಳು ನಾನು, ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಹೆದರಿದೆ.

ಮರುದಿನ ಮನೆ ತುಂಬ ಜನ. ಅತ್ತಿಗುಪ್ಪೆಯವಳು ಇಳಕಲ್ ಸೀರೆ ಉಟ್ಟು ತೊಟ್ಟಿಲ ಪಕ್ಕದಲ್ಲೇ ನಿಂತಿದ್ದಳು. ಕಲ್ಲನ್ನು ತೂಗಿ ಆಯಿತು. ಅವಳು ಮಗುವಿಗೆ ಕೈ ಚಾಚಿದಳು. ನಾನು ಅವಳನ್ನು ದಾಟಿ ಅಕ್ಕನ ಮಡಿಲಿಗೆ ಮಗುವನ್ನು ಇಟ್ಟೆ. ಅತ್ತೆ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ಅಕ್ಕನ ಕೈ ಅಲುಗಲಿಲ್ಲ, ಮಾತ್ರೆ ತಗೊಂಡಿದ್ದರು.

ಅವರು ಮಗುವಿನ ಕಿವಿಗೆ ಬಗ್ಗಿದರು. ಹೆಂಗಸರು ಕೂಗಬೇಕಿತ್ತು, ಒಬ್ಬರೂ ಕೂಗಲಿಲ್ಲ. ಅತ್ತೆಯ ಹೆದರಿಕೆ ಅಷ್ಟು ಹೊತ್ತಿಗೆ ಅಡುಗೆಮನೆಯಿಂದ ಬೀದಿಯವರೆಗೂ ಹರಡಿತ್ತು. ಎಲ್ಲರೂ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದರು. ಆ ಮೌನದಲ್ಲಿ ಮೊದಲ ಅಕ್ಷರ ಕೇಳಿಸಿತು. ಮತ್ತೆ ಅದೇ ಅಕ್ಷರ. ಮತ್ತೆ ಅದೇ. ಅಕ್ಕನ ಕುತ್ತಿಗೆಯ ನರ ಉಬ್ಬಿತು. ಅವರಿಗೆ ಮುಂದಕ್ಕೂ ಹೋಗಲಾಗಲಿಲ್ಲ, ನಿಲ್ಲಿಸಲೂ ಆಗಲಿಲ್ಲ.  ಕೂಗ್ರೀ ಎನ್ನಲು ಹೊರಟರೆ ನನ್ನ ಧ್ವನಿಯೇ ಹೊರಡಲಿಲ್ಲ.

ಹಿಂದಿನಿಂದ ಯಾರೋ ಲೊಚಗುಟ್ಟಿದರು. “ಪಾಪ, ಬೇರೆ ಯಾರಾದ್ರೂ ಹೇಳ್ಬಾರ್ದಿತ್ತೇನ್ರೀ?”

ಅತ್ತೆ ಗಿರ್ರನೆ ತಿರುಗಿದರು. “ಯಾಕ ಹೇಳಬೇಕ ಬ್ಯಾರೆಯವರು? ಸೋದರತ್ತಿ ಸತ್ತಾಳೇನು?”

ಹಾಗೆಂದವರೇ ಮುಂದೆ ನುಗ್ಗಿ, ಮಗಳ ಬೆನ್ನಿಗೆ ಒಂದು ಗುದ್ದು ಹಾಕಿ, “ಕುರ್ರ್!” ಎಂದು ಕೂಗಿದರು. ಆಮೇಲೆ ಎಲ್ಲರೂ ಕೂಗಿದರು. ಮನೆಯೇ ಹಾರಿಹೋಗುವಂಥ ಗಲಾಟೆ. ಅದರ ನಡುವೆ ಅಕ್ಕನ ತುಟಿ ಮಗುವಿನ ಕಿವಿಯ ಹತ್ತಿರ ಆಡುತ್ತಲೇ ಇತ್ತು. ಹೆಸರು ಪೂರ್ತಿ ಬಂತೋ ಇಲ್ಲವೋ ಯಾರಿಗೂ ಕೇಳಿಸಲಿಲ್ಲ.

ಪದ್ಧತಿ ಮುಗಿಯಿತೆಂದು ಒಬ್ಬೊಬ್ಬರಾಗಿ ಸುಮ್ಮನಾದರು. ಅತ್ತೆ ಸುಮ್ಮನಾಗಲಿಲ್ಲ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಗಂಟಲು ಬಿದ್ದುಹೋಗಿತ್ತು. ಆದರೂ ಮಗಳು ತಾನಾಗಿ ತಲೆ ಎತ್ತುವವರೆಗೂ ಅವರೊಬ್ಬರೇ ಕೂಗುತ್ತಿದ್ದರು.